ಲಯನ್‌ಫಿಶ್ ಊಟ ಬಿಟ್ಟಾಗ: ಉಪ್ಪುನೀರಿನ ಟ್ಯಾಂಕ್‌ನಲ್ಲಿ ದೋಷ ಹುಡುಕುವ ಕ್ರಮ

ಲಯನ್‌ಫಿಶ್ (ವಿಷದ ಮುಳ್ಳುಗಳಿರುವ ಸಮುದ್ರದ ಮೀನು) ಸಾಕುವವರಿಗೆ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಒಂದೇ ಲಕ್ಷಣದಿಂದ ಶುರುವಾಗುತ್ತವೆ: ಮೀನು ಊಟ ಬಿಡುತ್ತದೆ. ಹಿಂದಿನ ಕಾರಣ ಅಮೋನಿಯಾ ಇರಬಹುದು, ಬೇಸಿಗೆಯ ಬಿಸಿ ಇರಬಹುದು, ಪರೋಪಜೀವಿ ಇರಬಹುದು. ಮೊನ್ನೆ ನುಂಗಿದ್ದು ಇನ್ನೂ ಅರಗದೆ ಇರುವುದಷ್ಟೇ ಕಾರಣವೂ ಆಗಿರಬಹುದು. ಹಸಿವು ತಡೆಯುವುದರಲ್ಲಿ ಈ ಮೀನು ಗಟ್ಟಿ. ಮೈತುಂಬಿಕೊಂಡ ದೊಡ್ಡ ಲಯನ್‌ಫಿಶ್ ವಾರಗಟ್ಟಲೆ ಉಪವಾಸ ಇದ್ದರೂ ಸಾಯುವುದಿಲ್ಲ. ಹಾಗಾಗಿ ಕಾರಣ ಹುಡುಕಲು ಸಮಯವಿದೆ. ಆ ಸಮಯವನ್ನು ಬಳಸಿಕೊಳ್ಳದೆ ಮೊದಲ ದಿನವೇ ಕಂಡ ಔಷಧಿಯನ್ನೆಲ್ಲ ಟ್ಯಾಂಕ್‌ಗೆ ಸುರಿದು ಕೊಂದ ಮೀನುಗಳು ಲೆಕ್ಕವಿಲ್ಲದಷ್ಟು. ಮೊದಲು ನೋಡಿ, ಆಮೇಲೆ ನೀರು ಅಳೆಯಿರಿ, ನಂತರ ಆಹಾರ ವಿಚಾರಿಸಿ. ಔಷಧಿ ಕೊನೆಗೆ, ಅದೂ ಬೇರೆ ಟ್ಯಾಂಕ್‌ನಲ್ಲಿ.

ನಿಮ್ಮಲ್ಲಿರುವುದು ಯಾವ ಜಾತಿ ಎಂಬುದರ ಮೇಲೆ ಲಕ್ಷಣದ ತೂಕ ಬದಲಾಗುತ್ತದೆ. ವೊಲಿಟಾನ್ಸ್ ಮತ್ತು ಅದರಂತೆಯೇ ಕಾಣುವ, ಹಿಂದೂ ಮಹಾಸಾಗರದ ಮೈಲ್ಸ್, ಇವೆರಡೂ 30 ಸೆಂ.ಮೀ. ದಾಟಿ ಬೆಳೆಯುತ್ತವೆ. ಇವಕ್ಕೆ 450 ಲೀಟರ್‌ಗಿಂತ ಚಿಕ್ಕ ಟ್ಯಾಂಕ್ ಸಾಲದು. ಇವು ಹೊಟ್ಟೆಬಾಕ ಮೀನುಗಳು, ಊಟ ಬಿಟ್ಟರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಫಜ್ಜಿ ಡ್ವಾರ್ಫ್, ಜೀಬ್ರಾ ಡ್ವಾರ್ಫ್‌ಗಳು 15ರಿಂದ 18 ಸೆಂ.ಮೀ. ಆಸುಪಾಸಿನವು, 200 ಲೀಟರ್‌ನಲ್ಲಿ ನೆಮ್ಮದಿಯಾಗಿರುತ್ತವೆ. ರೇಡಿಯೇಟಾ ಮತ್ತು ಫೂ ಮಂಚು ಜಾತಿಗಳು ಮೊದಲಿನಿಂದಲೂ ಊಟಕ್ಕೆ ತಕರಾರು ಮಾಡುವಂಥವು. ತಂದ ಹೊಸದರಲ್ಲಿ ಅವು ಹತ್ತು ದಿನ ಏನೂ ಮುಟ್ಟದಿದ್ದರೆ ಅದನ್ನೇ ರೋಗವೆಂದು ತಿಳಿಯಬೇಕಿಲ್ಲ.

ಟ್ಯಾಂಕ್‌ಗೆ ಕೈ ಹಾಕುವ ಮೊದಲು

ಬೆನ್ನಿನ ಮೇಲೆ 13, ಹೊಟ್ಟೆಯ ಕೆಳಗಿನ ಜೋಡಿ ಈಜುರೆಕ್ಕೆಗಳಲ್ಲಿ ಒಂದೊಂದು, ಗುದದ ಬಳಿಯ ರೆಕ್ಕೆಯಲ್ಲಿ 3, ಹೀಗೆ ಒಟ್ಟು 18 ವಿಷದ ಮುಳ್ಳುಗಳು. ಅಗಲವಾಗಿ ಬಿಚ್ಚಿಕೊಳ್ಳುವ ಪಕ್ಕದ ರೆಕ್ಕೆಗಳಲ್ಲಿ ವಿಷವಿಲ್ಲ. ಪ್ರತಿ ಮುಳ್ಳಿನ ಉದ್ದಕ್ಕೂ ಎರಡು ತೋಡುಗಳಿವೆ, ಅವುಗಳಲ್ಲಿ ವಿಷಗ್ರಂಥಿಯ ಅಂಗಾಂಶ, ಅದರ ಮೇಲೆ ತೆಳುವಾದ ಚರ್ಮದ ಒರೆ. ಮುಳ್ಳು ಚುಚ್ಚಿದಾಗ ಒರೆ ಹಿಂದಕ್ಕೆ ಜಾರಿ, ಗ್ರಂಥಿ ಒತ್ತಿಹೋಗಿ, ವಿಷ ಗಾಯದೊಳಗೆ ಇಳಿಯುತ್ತದೆ. ಮೀನು ತಾನಾಗಿ ಮೇಲೆ ಬಿದ್ದು ಚುಚ್ಚುವುದು ಅಪರೂಪ. ಆದರೆ ಮೂಲೆಗೆ ಸಿಕ್ಕಿಕೊಂಡಾಗ ತಲೆ ತಗ್ಗಿಸಿ ಬೆನ್ನಿನ ಮುಳ್ಳುಗಳನ್ನು ನಿಮ್ಮ ಕೈಯತ್ತ ತಿರುಗಿಸುತ್ತದೆ. ಕಲ್ಲು ಸರಿಸುವಾಗ, ಗಾಜು ಉಜ್ಜುವಾಗ, ಫಿಲ್ಟರ್ ಪೈಪ್ ಬಿಚ್ಚುವಾಗ ಮೀನು ಎಲ್ಲಿದೆ ಎಂದು ನೋಡದೆ ಇರುವುದೇ ಅಪಾಯ.

ಅಡುಗೆಮನೆಯ ರಬ್ಬರ್ ಗ್ಲೌಸ್ ಈ ಮುಳ್ಳನ್ನು ತಡೆಯುವುದಿಲ್ಲ. ಬೇಕಾಗಿರುವುದು 45ರಿಂದ 60 ಸೆಂ.ಮೀ. ಉದ್ದದ ಇಕ್ಕಳ, ಊಟ ಕೊಡಲು ಪಾರದರ್ಶಕ ಅಕ್ರಿಲಿಕ್ ಕಡ್ಡಿ, ಗಾಜು ಉಜ್ಜಲು ಮ್ಯಾಗ್ನೆಟ್ ಕ್ಲೀನರ್. ಕೈ ಹಾಕಲೇಬೇಕಾದರೆ ಇನ್ನೊಬ್ಬರು ಪಕ್ಕದಲ್ಲಿ ನಿಂತು ಮೀನಿನ ಮೇಲೇ ಕಣ್ಣಿಟ್ಟಿರಲಿ. ಮುಖ್ಯ ಸ್ವಿಚ್ ಆರಿಸಿದ ನಂತರವೇ ಕೈ ಹಾಕಿ. ಒಡೆದ ಹೀಟರ್‌ನಿಂದ ಉಪ್ಪುನೀರಿಗೆ ಇಳಿದ ಕರೆಂಟ್ ಮುಳ್ಳಿಗಿಂತ ಬೇಗ ಪ್ರಾಣ ತೆಗೆಯುತ್ತದೆ. ಟ್ಯಾಂಕ್‌ನ ಸಾಲಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿಕೊಳ್ಳಿ.

ಚುಚ್ಚಿದರೆ ಮಾಡಬೇಕಾದದ್ದು ಹೀಗೆ. ಕೈಯಲ್ಲಿರುವ ಉಂಗುರ, ಬಳೆ, ವಾಚ್ ತಕ್ಷಣ ತೆಗೆಯಿರಿ, ಬಾವು ಬೇಗ ಏರುತ್ತದೆ. ಕಣ್ಣಿಗೆ ಕಾಣುವ ಮುಳ್ಳಿನ ಚೂರು ಇದ್ದರೆ ಚಿಮಟದಿಂದ ತೆಗೆದು, ಗಾಯ ತೊಳೆದು, ಚುಚ್ಚಿದ ಭಾಗವನ್ನು ಬಿಸಿನೀರಿನಲ್ಲಿ ಮುಳುಗಿಸಿ. ಈ ವಿಷ ಪ್ರೋಟೀನ್, ಬಿಸಿ ತಾಗಿದರೆ ಕೆಡುತ್ತದೆ. ನೀರು ತಾಳಿಕೊಳ್ಳುವಷ್ಟು ಬಿಸಿಯಿರಬೇಕು, ಆದರೆ 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ನೋಯುತ್ತಿರುವ ಕೈಗೆ ಬಿಸಿಯ ಅಂದಾಜು ಸಿಗುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ. ಆದ್ದರಿಂದ ಥರ್ಮಾಮೀಟರ್ ಇಟ್ಟು ನೋಡಿ, ಇಲ್ಲವೇ ಇನ್ನೊಂದು ಕೈಯಿಂದ ಪರೀಕ್ಷಿಸಿ. 30ರಿಂದ 90 ನಿಮಿಷ, ನೀರು ಆರಿದಂತೆ ಬಿಸಿನೀರು ಸೇರಿಸುತ್ತಾ ಇರಬೇಕು. ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಐಸ್ ಇಡಬೇಡಿ. ನೋವು ತಗ್ಗಿದರೂ ವೈದ್ಯರನ್ನು ಕಾಣಬೇಕು: ಟೆಟನಸ್ ಚುಚ್ಚುಮದ್ದು ಬೇಕಾಗಬಹುದು, ಒಳಗೆ ಮುಳ್ಳಿನ ಚೂರು ಉಳಿದಿರಬಹುದು. ಸಮುದ್ರದ ಮೀನಿನ ಮುಳ್ಳು ಚುಚ್ಚಿದ್ದೆಂದು ಸ್ಪಷ್ಟವಾಗಿ ಹೇಳಿ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಇದಕ್ಕೆ ಕೆಲಸ ಮಾಡುವುದಿಲ್ಲ. ಉಸಿರಾಟಕ್ಕೆ ಕಷ್ಟ, ಎದೆನೋವು, ತಲೆಸುತ್ತು, ಮೈಯೆಲ್ಲ ದದ್ದು, ಇವುಗಳಲ್ಲಿ ಒಂದು ಕಂಡರೂ ಬಿಸಿನೀರಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಟ್ಯಾಂಕ್‌ನ ಮುಚ್ಚಳಕ್ಕೆ ಬೀಗವಿರಲಿ.

ಗಾಜಿನ ಹೊರಗಿನಿಂದ ಹತ್ತು ನಿಮಿಷ

ಟೆಸ್ಟ್ ಕಿಟ್ ತೆಗೆಯುವ ಮೊದಲು ಕುರ್ಚಿ ಹಾಕಿಕೊಂಡು ಕುಳಿತು ನೋಡಿ. ಮೊದಲು ಕಿವಿರಿನ ಮುಚ್ಚಳ ಒಂದು ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ಎಣಿಸಿ. ಎಲ್ಲ ಮೀನಿಗೂ ಹೊಂದುವ ಸಂಖ್ಯೆಯೊಂದಿಲ್ಲ. ಆದ್ದರಿಂದ ಮೀನು ಚೆನ್ನಾಗಿರುವಾಗಲೇ, ಊಟವಾಗಿ ಒಂದು ದಿನ ಕಳೆದ ಮೇಲೆ, ಎಣಿಸಿ ಟ್ಯಾಂಕ್‌ನ ಪಕ್ಕ ಬರೆದಿಟ್ಟುಕೊಂಡಿರಬೇಕು. ಈಗಿನ ಎಣಿಕೆ ಅದರ ಒಂದೂವರೆ ಪಟ್ಟು ಮೀರಿದ್ದರೆ ದೋಷ ನೀರಿನಲ್ಲಿದೆ ಅಥವಾ ಕಿವಿರಿನಲ್ಲಿದೆ. ಎಣಿಕೆ ಎಂದಿನಂತೇ ಇದ್ದರೆ ಗಾಬರಿಯಿಲ್ಲ, ಆಹಾರದ ಭಾಗಕ್ಕೆ ಹೋಗಬಹುದು. ಕಾರಣವನ್ನು ಎರಡಾಗಿ ವಿಂಗಡಿಸಲು ಇದಕ್ಕಿಂತ ಸುಲಭದ, ಖರ್ಚಿಲ್ಲದ ಪರೀಕ್ಷೆ ಇನ್ನೊಂದಿಲ್ಲ.

ಕೆಲವು ನಡವಳಿಕೆಗಳು ಹೊಸಬರಿಗೆ ರೋಗದಂತೆ ಕಂಡರೂ ರೋಗವಲ್ಲ. ಬಂಡೆಯ ಚಾಚಿನ ಕೆಳಗೆ ತಲೆಕೆಳಗಾಗಿ ಅಂಟಿಕೊಂಡಂತೆ ನಿಲ್ಲುವುದು, ಹಗಲಿಡೀ ಮೂಲೆಯಲ್ಲಿ ಅಲುಗದೆ ಇರುವುದು, ಬಾಯಿ ಅಗಲವಾಗಿ ತೆರೆದು ಆಕಳಿಸುವುದು, ಆಕಳಿಸುವಾಗ ಬೆನ್ನಿನ ಮುಳ್ಳು ನಿಮಿರಿಸುವುದು, ಇವೆಲ್ಲ ಇದರ ಸಹಜ ಗುಣ. ಇದು ಮುಸ್ಸಂಜೆಯ ಬೇಟೆಗಾರ. ನಡು ಮಧ್ಯಾಹ್ನ ಎಲ್ಲ ಲೈಟ್ ಉರಿಸಿ ಊಟ ಕೊಟ್ಟು, ತಿನ್ನಲಿಲ್ಲ ಎನ್ನುವುದರಲ್ಲಿ ಅರ್ಥವಿಲ್ಲ.

ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದ್ದರೆ, ರೆಕ್ಕೆಗಳನ್ನು ಮೈಗೆ ಒತ್ತಿ ಮುಚ್ಚಿಕೊಂಡಿದ್ದರೆ, ಪಂಪ್‌ನ ಹರಿವಿಗೆ ಎದುರಾಗಿಯೇ ನಿಂತುಕೊಂಡಿದ್ದರೆ, ಕಲ್ಲಿಗೆ ಮೈ ತಿಕ್ಕುತ್ತಿದ್ದರೆ ಅದು ತೊಂದರೆಯ ಗುರುತು.

ನೀರು: ಏನನ್ನು, ಯಾವ ಕ್ರಮದಲ್ಲಿ

ಮೊದಲು ಅಮೋನಿಯಾ ಮತ್ತು ತಾಪಮಾನ. ಆಮೇಲೆ ಸಾಂದ್ರತೆ (ನೀರಿನಲ್ಲಿ ಉಪ್ಪು ಎಷ್ಟಿದೆ ಎಂಬುದರ ಅಳತೆ), ಪಿಎಚ್, ನೈಟ್ರೈಟ್. ಕೊನೆಗೆ ನೈಟ್ರೇಟ್, ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್‌ನ ಮಟ್ಟ). ಇರಬೇಕಾದ ಮಟ್ಟ: ತಾಪಮಾನ 24ರಿಂದ 27 ಡಿಗ್ರಿ, ಸಾಂದ್ರತೆ 1.021ರಿಂದ 1.025, ಪಿಎಚ್ 8.1ರಿಂದ 8.4, ಕೆಎಚ್ 8ರಿಂದ 12, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಪಾಲು) ಒಳಗೆ.

ಅಮೋನಿಯಾಕ್ಕೆ ಮೊದಲ ಸ್ಥಾನ ಕೊಡಲು ಕಾರಣವಿದೆ. ಸಿಹಿನೀರಿನ ಟ್ಯಾಂಕ್‌ನಲ್ಲಿ ಪಿಎಚ್ 7ರಲ್ಲಿ ಇರುವಾಗ ಅಳತೆಗೆ ಸಿಗುವ ಅಮೋನಿಯಾದ ಬಹುಪಾಲು ಹೆಚ್ಚು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ಸಮುದ್ರದ ನೀರಿನ ಪಿಎಚ್ 8.2ರಲ್ಲಿ ವಿಷಕಾರಿ ರೂಪದ ಪ್ರಮಾಣ ಅದರ ಹತ್ತು ಪಟ್ಟಿಗೂ ಮಿಗಿಲು. ಹಾಗಾಗಿ 0.5 ಪಿಪಿಎಂ ಕಂಡರೆ "ಸ್ವಲ್ಪವೇ ಇದೆ" ಎನ್ನುವಂತಿಲ್ಲ. ತಕ್ಷಣ ಅರ್ಧದಷ್ಟು ನೀರು ಬದಲಿಸಿ, ಮರುದಿನ ಮತ್ತೆ ಅಳೆದು, ಬೇಕಾದರೆ ಮತ್ತೆ ಬದಲಿಸಿ. 400 ಲೀಟರ್ ಟ್ಯಾಂಕ್‌ಗೆ 200 ಲೀಟರ್ ಹೊಸ ನೀರೆಂದರೆ ಸುಮಾರು 7 ಕಿಲೋ ಸಮುದ್ರದ ಉಪ್ಪು ಬೇಕು, ಲೀಟರ್‌ಗೆ 35 ಗ್ರಾಂ ಲೆಕ್ಕ. ಪಂಪ್ ಹಾಕಿ ಒಂದು ದಿನ ತಿರುಗಿಸಿದ ನೀರೇ ಒಳ್ಳೆಯದು. ಇದೆಲ್ಲ ರಾತ್ರಿ ಹನ್ನೊಂದಕ್ಕೆ ಆಗುವ ಕೆಲಸವಲ್ಲ. ಟ್ಯಾಂಕ್‌ನ ಕಾಲು ಭಾಗದಷ್ಟು ನೀರು ಡ್ರಮ್ಮಿನಲ್ಲಿ ಯಾವಾಗಲೂ ಸಿದ್ಧವಿರುವುದು ಯಾವ ಔಷಧಿಗಿಂತಲೂ ದೊಡ್ಡ ವಿಮೆ.

ಅಮೋನಿಯಾ ಎಲ್ಲಿಂದ ಬಂತು ಎಂಬುದನ್ನೂ ಹುಡುಕಬೇಕು. ಲಯನ್‌ಫಿಶ್ ಟ್ಯಾಂಕ್‌ನಲ್ಲಿ ಸಾಮಾನ್ಯ ಅಪರಾಧಿ ಕಕ್ಕಿದ ಆಹಾರ. ಅಳತೆ ಮೀರಿದ ತುಂಡು ನುಂಗಿದ ಮೀನು ಆಮೇಲೆ ಅದನ್ನು ಹೊರಗೆ ಹಾಕುತ್ತದೆ, ಅದು ಬಂಡೆಯ ಹಿಂದೆ ಬಿದ್ದು ಕೊಳೆಯುತ್ತದೆ. ಟಾರ್ಚ್ ಹಿಡಿದು ಹಿಂಬದಿಯನ್ನೆಲ್ಲ ನೋಡಿ. ಇನ್ನೊಂದು ಕಾರಣ ಕರೆಂಟ್ ಹೋಗಿ ನಿಂತ ಕ್ಯಾನಿಸ್ಟರ್ ಫಿಲ್ಟರ್. ಮುಚ್ಚಿದ ಡಬ್ಬದೊಳಗಿನ ಬ್ಯಾಕ್ಟೀರಿಯಾಗಳಿಗೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಸಾಲದಾಗಿ ಅವು ಸಾಯತೊಡಗುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರೆಲ್ಲ ಟ್ಯಾಂಕ್‌ಗೆ ನುಗ್ಗುತ್ತದೆ. ಮೂರು ನಾಲ್ಕು ಗಂಟೆಗಿಂತ ಹೆಚ್ಚು ನಿಂತಿದ್ದರೆ ಫಿಲ್ಟರ್ ಬಿಚ್ಚಿ, ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು (ಬ್ಯಾಕ್ಟೀರಿಯಾ ಕೂತಿರುವ ಒಳಗಿನ ವಸ್ತು) ಟ್ಯಾಂಕ್‌ನ ನೀರಿನಲ್ಲೇ ಜಾಲಿಸಿ, ಆಮೇಲೆ ಚಾಲೂ ಮಾಡಿ. ಇನ್ವರ್ಟರ್‌ಗೆ ಏರ್ ಪಂಪ್ ಮತ್ತು ಒಂದು ಸಣ್ಣ ಪವರ್‌ಹೆಡ್ (ನೀರು ತಿರುಗಿಸುವ ಪಂಪ್) ಮಾತ್ರ ಕೊಡಿ. ಹೀಟರ್, ನೀರು ತಣಿಸುವ ಚಿಲ್ಲರ್ ಅದಕ್ಕೆ ಸೇರಿಸಿದರೆ ಬ್ಯಾಟರಿ ಬೇಗ ಖಾಲಿಯಾಗಿ ಗಾಳಿಯೂ ನಿಲ್ಲುತ್ತದೆ.

ಮೀನು ಮನೆಗೆ ಬಂದ ದಿನದಿಂದಲೇ ಊಟ ಮುಟ್ಟದಿದ್ದರೆ ಚೀಲದಿಂದ ಟ್ಯಾಂಕ್‌ಗೆ ಬಿಟ್ಟ ವಿಧಾನವನ್ನೂ ಸಂಶಯಿಸಿ. ಗಂಟೆಗಟ್ಟಲೆ ಚೀಲದಲ್ಲಿದ್ದ ನೀರಿನಲ್ಲಿ ಅಮೋನಿಯಾ ಹೆಚ್ಚಿರುತ್ತದೆ, ಆದರೆ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ತಗ್ಗಿದ್ದು, ವಿಷ ಅಡಗಿರುತ್ತದೆ. ಚೀಲ ಬಿಚ್ಚಿ ಹನಿಹನಿಯಾಗಿ ಎರಡು ಗಂಟೆ ಟ್ಯಾಂಕ್ ನೀರು ಬೆರೆಸುತ್ತಾ ಕುಳಿತರೆ ಪಿಎಚ್ ಏರಿ, ಅದೇ ಅಮೋನಿಯಾ ಕಿವಿರನ್ನು ಸುಡುತ್ತದೆ. ದೂರದಿಂದ ಬಂದ ಮೀನಿಗೆ ಸರಿಯಾದ ಕ್ರಮವೆಂದರೆ ಕ್ವಾರಂಟೈನ್ ಟ್ಯಾಂಕ್‌ನ ಸಾಂದ್ರತೆಯನ್ನು ಮೊದಲೇ ಚೀಲದ ನೀರಿಗೆ ಸರಿಹೊಂದಿಸಿಟ್ಟು, ಮುಚ್ಚಿದ ಚೀಲವನ್ನು 20 ನಿಮಿಷ ತೇಲಿಸಿ, ತೆರೆದೊಡನೆ ಮೀನನ್ನು ಬಿಡುವುದು. ಚೀಲದ ನೀರು ಟ್ಯಾಂಕ್‌ಗೆ ಸೇರಬಾರದು.

ನೀರಿನ ಮೂಲದ ಬಗ್ಗೆ ಒಂದು ಮಾತು. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರದ ನೀರು ಶುದ್ಧವೇ ಎಂದು ಅನೇಕರು ನಂಬುತ್ತಾರೆ. ಆ ಯಂತ್ರಗಳಲ್ಲಿ ರುಚಿಗಾಗಿ ಟಿಡಿಎಸ್ (ಕರಗಿದ ಲವಣಗಳ ಮಟ್ಟ) ಹೊಂದಿಸುವ ಕವಾಟ ಇರುತ್ತದೆ, ಅದು ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಇದ್ದರೆ ಅದೂ ಜೊತೆಗೆ ಬರುತ್ತದೆ. ಇತ್ತೀಚಿನ ಹಲವು ಯಂತ್ರಗಳಲ್ಲಿ ತಾಮ್ರ ಸೇರಿಸುವ ಕಾರ್ಟ್ರಿಡ್ಜ್ ಬೇರೆ ಇರುತ್ತದೆ. ಮನುಷ್ಯರಿಗೆ ಒಳ್ಳೆಯದೆಂದು ಮಾರುವ ಈ ತಾಮ್ರ ಟ್ಯಾಂಕ್‌ನ ಸೀಗಡಿ, ಶಂಖದಂಥ ಜೀವಿಗಳಿಗೆ ವಿಷ. ಟ್ಯಾಂಕ್‌ಗೆ ಬಳಸುವ ನೀರನ್ನು ಮೆಂಬ್ರೇನ್ ದಾಟಿದ ತಕ್ಷಣ, ಈ ಕಾರ್ಟ್ರಿಡ್ಜ್‌ಗಳಿಗೆ ಮೊದಲೇ, ಬೇರೆ ಪೈಪಿನಲ್ಲಿ ತೆಗೆದುಕೊಳ್ಳಿ. ಉಳಿದ ಲವಣ ಹೀರುವ ಡಿಐ ರೆಸಿನ್ ಮೂಲಕ ಹಾಯಿಸಿದರೆ ಟಿಡಿಎಸ್ ಸೊನ್ನೆಗೆ ಬರುತ್ತದೆ. ಕರಾವಳಿಯವರು ನೇರ ಸಮುದ್ರದ ನೀರು ತರುವುದಾದರೆ ಮಳೆಗಾಲದಲ್ಲಿ ಬೇಡ. ನದಿಗಳ ನೀರು ಸೇರಿ ದಡದ ಬಳಿ ಉಪ್ಪು ಇಳಿದಿರುತ್ತದೆ, ಕೆಸರೂ ಇರುತ್ತದೆ.

ಆವಿಯಾಗಿ ಕಡಿಮೆಯಾದ ನೀರಿಗೆ ಬದಲಾಗಿ ಸಿಹಿನೀರು ಹಾಕಬೇಕು, ಉಪ್ಪುನೀರಲ್ಲ. ಉಪ್ಪು ಆವಿಯಾಗುವುದಿಲ್ಲ. ಇದರಲ್ಲಿ ತಪ್ಪಿದರೆ ಕೆಲವೇ ವಾರಗಳಲ್ಲಿ ಸಾಂದ್ರತೆ 1.030 ದಾಟುತ್ತದೆ, ಮೀನು ಮಂಕಾಗುತ್ತದೆ. ರಿಫ್ರಾಕ್ಟೋಮೀಟರ್ (ಉಪ್ಪು ಅಳೆಯುವ ಸಾಧನ) ಅನ್ನು 35 ಪಿಪಿಟಿ (ಸಾವಿರದಲ್ಲಿ 35 ಪಾಲು ಉಪ್ಪಿನ) ದ್ರಾವಣದಿಂದ ಸರಿಹೊಂದಿಸಿ. ಬರೀ ಶುದ್ಧ ನೀರಿನಲ್ಲಿ ಸೊನ್ನೆ ತೋರಿಸಿದ ಮಾತ್ರಕ್ಕೆ ಮೇಲಿನ ಅಳತೆಯೂ ಸರಿಯಿದೆ ಎನ್ನಲಾಗದು. ಕೆಎಚ್ ಇಳಿದು ಪಿಎಚ್ 8ರ ಕೆಳಗೆ ಬಂದಿದ್ದರೆ ಅಡುಗೆ ಸೋಡಾ ಸಾಕು: 100 ಲೀಟರ್‌ಗೆ 3 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ದಿನಕ್ಕೆ 1 ಡಿಗ್ರಿಗಿಂತ ಹೆಚ್ಚು ಏರಿಸಬೇಡಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬಾರದು.

ಬೇಸಿಗೆಯಲ್ಲಿ ನೀರು 29 ಡಿಗ್ರಿ ದಾಟಿದರೆ ಉಸಿರು ಏರುತ್ತದೆ, ಹಸಿವು ಇಳಿಯುತ್ತದೆ. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡವೇ ಕಡಿಮೆ, ಅಲ್ಲಿನ ಟ್ಯಾಂಕ್‌ನ ನೀರು ಮಂಗಳೂರಿನ ಟ್ಯಾಂಕ್‌ಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಮೇಲ್ಮೈ ಕಲಕುವಂತೆ ಪಂಪ್ ತಿರುಗಿಸಿ, ಸ್ಕಿಮ್ಮರ್ (ನೊರೆಯ ಮೂಲಕ ಕೊಳೆ ತೆಗೆಯುವ ಸಾಧನ) ನಿಲ್ಲಿಸಬೇಡಿ. ನೀರಿನ ಮೇಲೆ ಬೀಸುವ ಫ್ಯಾನ್ ಒಣಹವೆಯ ಬಯಲುಸೀಮೆಯಲ್ಲಿ ಎರಡು ಮೂರು ಡಿಗ್ರಿ ಇಳಿಸುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅದರಿಂದ ಹೆಚ್ಚು ಉಪಯೋಗವಿಲ್ಲ, ಅಲ್ಲಿ ಚಿಲ್ಲರ್ ಬೇಕು.

ಆಹಾರ

ನೀರು ಸರಿಯಿದೆ, ಉಸಿರು ಸಹಜವಿದೆ, ಆದರೂ ತಿನ್ನುವುದಿಲ್ಲ ಎಂದಾದರೆ ಕೊನೆಯ ಸಲ ಏನು, ಎಷ್ಟು, ಯಾವಾಗ ಕೊಟ್ಟಿರಿ ಎಂಬ ಲೆಕ್ಕ ತೆಗೆಯಿರಿ. ದೊಡ್ಡ ಲಯನ್‌ಫಿಶ್‌ಗೆ ವಾರಕ್ಕೆ ಎರಡು ಮೂರು ಸಲ ಊಟ ಸಾಕು, ಮರಿಗೆ ದಿನ ಬಿಟ್ಟು ದಿನ. ಇದರ ಹೊಟ್ಟೆ ವಿಪರೀತ ಹಿಗ್ಗುತ್ತದೆ, ಕೊಟ್ಟಷ್ಟನ್ನೂ ನುಂಗುತ್ತದೆ, ಬೇಡುವುದನ್ನು ನಿಲ್ಲಿಸುವುದಿಲ್ಲ. ಗಾಜಿನ ಬಳಿ ಬಂದು ಆಸೆಯಿಂದ ನೋಡುತ್ತದೆಂದು ದಿನವೂ ಕೊಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊರಗೆ ಏನೂ ಕಾಣದೆಯೇ ಸಾಯುತ್ತದೆ. ತುಂಡಿನ ಗಾತ್ರ: 10 ಸೆಂ.ಮೀ. ಮೀನಿಗೆ 1 ಸೆಂ.ಮೀ., 25 ಸೆಂ.ಮೀ. ಮೀನಿಗೆ 2ರಿಂದ 3 ಸೆಂ.ಮೀ. ಊಟವಾದ ಮೇಲೆ ಹೊಟ್ಟೆ ಸ್ವಲ್ಪ ಉಬ್ಬಿದಂತೆ ಕಂಡರೆ ಸಾಕು, ಪಕ್ಕದಿಂದ ಗುಂಡಾಗಿ ಕಂಡರೆ ಹೆಚ್ಚಾಯಿತು.

ಅತ್ಯಂತ ಸಾಮಾನ್ಯ ದೋಷ ಜೀವಂತ ಸಿಹಿನೀರಿನ ಮೀನು ತಿನ್ನಿಸುವುದು. ಗೋಲ್ಡ್‌ಫಿಶ್ ಅಗ್ಗವೆಂದು ಅದನ್ನೇ ತಿಂಗಳುಗಟ್ಟಲೆ ಕೊಡುವವರಿದ್ದಾರೆ. ಗೋಲ್ಡ್‌ಫಿಶ್ ಮತ್ತು ಅದರ ಬಳಗದ ಕಾರ್ಪ್ ಮೀನುಗಳಲ್ಲಿ ಥಯಮಿನೇಸ್ ಎಂಬ ಕಿಣ್ವವಿದೆ, ಅದು ಆಹಾರದಲ್ಲಿರುವ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಫ್ರೀಜರ್‌ನಲ್ಲಿಟ್ಟರೂ ಆ ಕಿಣ್ವ ನಾಶವಾಗುವುದಿಲ್ಲ. ಬಿ1 ಕೊರತೆಯ ಮೊದಲ ಲಕ್ಷಣವೇ ಊಟ ಬಿಡುವುದು. ಆಮೇಲೆ ಮೀನು ಓಲಾಡುತ್ತದೆ, ಗುರಿಯಿಟ್ಟು ಬಾಯಿ ಹಾಕಿದರೂ ಆಹಾರ ತಪ್ಪಿಹೋಗುತ್ತದೆ, ಕೊನೆಗೆ ಸುರುಳಿ ಸುತ್ತುತ್ತದೆ. ಮೀನು ಆಹಾರದತ್ತ ಬಂದು ಗುರಿ ತಪ್ಪುತ್ತಿದೆಯೇ, ಅಥವಾ ಬರುವುದೇ ಇಲ್ಲವೇ ಎಂಬುದನ್ನು ಗಮನಿಸಿ. ಎರಡೂ ಬೇರೆ ಬೇರೆ ದೋಷಗಳು.

ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಕೊಲ್ಲತರುವಿನ (ಆಂಚೊವಿ) ಬಳಗದಲ್ಲೂ ಇದೇ ಕಿಣ್ವದ ತೊಂದರೆ ಇದೆ, ಅದೊಂದನ್ನೇ ಆಹಾರ ಮಾಡಬಾರದು. ಸೀಗಡಿ, ಬೊಂಡಾಸ್, ಕಾಣೆಯ ತುಂಡು, ಹೀಗೆ ಬದಲಿಸುತ್ತಾ ಕೊಡಿ. ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ನೀರಿನ ಮೇಲೆ ಪೊರೆ ಕಟ್ಟಿ ಸ್ಕಿಮ್ಮರ್ ಕೆಲಸ ಕೆಡಿಸುತ್ತದೆ, ಅಪರೂಪಕ್ಕೆ ಸಾಕು. ಉಪ್ಪು, ಅರಿಶಿನ ಹಚ್ಚಿಟ್ಟಿದ್ದನ್ನು ಹಾಕಬೇಡಿ. ಬಿ1 ಸೇರಿಸುವ ವಿಧಾನ ಸುಲಭ: ಒಂದು ಕಿಲೋ ಆಹಾರಕ್ಕೆ 25ರಿಂದ 30 ಮಿಲಿಗ್ರಾಂ ಥಯಮಿನ್ ಬೇಕು. ಔಷಧಿ ಅಂಗಡಿಯ 100 ಮಿಲಿಗ್ರಾಂ ಮಾತ್ರೆಯನ್ನು ಪುಡಿಮಾಡಿ 30 ಮಿ.ಲೀ. ನೀರಿನಲ್ಲಿ ಕರಗಿಸಿದರೆ ಅದರ 1 ಮಿ.ಲೀ. ಸುಮಾರು 100 ಗ್ರಾಂ ಆಹಾರಕ್ಕೆ ಸಾಕು. ಬರೀ ಥಯಮಿನ್ ಇರುವ ಮಾತ್ರೆಯನ್ನೇ ಕೇಳಿ ತನ್ನಿ. ಸಿರಿಂಜಿನಿಂದ ತುಂಡಿನೊಳಗೆ ಚುಚ್ಚಿ ಕೊಡಿ, ಮೇಲೆ ಸವರಿದರೆ ಟ್ಯಾಂಕ್‌ನ ನೀರಿನಲ್ಲೇ ತೊಳೆದುಹೋಗುತ್ತದೆ. ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳಿ.

ಜೀವಂತ ಬೇಟೆಯನ್ನು ಬಿಟ್ಟು ಬೇರೇನನ್ನೂ ಗುರುತಿಸದ ಮೀನನ್ನು ಸತ್ತ ಆಹಾರಕ್ಕೆ ಒಗ್ಗಿಸಲು ತಾಳ್ಮೆ ಬೇಕು. ಲಯನ್‌ಫಿಶ್ ಚಲನೆಯನ್ನು ಬೇಟೆಯಾಡುತ್ತದೆ, ವಾಸನೆಯನ್ನಲ್ಲ. ನೆಲಕ್ಕೆ ಬಿದ್ದ ತುಂಡು ಅದಕ್ಕೆ ಆಹಾರವೇ ಅಲ್ಲ. ಮೊದಲ ವಾರ ಸಣ್ಣ ಜೀವಂತ ಸೀಗಡಿ, ಅಥವಾ ಉಪ್ಪುನೀರಿಗೆ ನಿಧಾನವಾಗಿ ಒಗ್ಗಿಸಿದ ಮೋಲಿ ಮೀನು ಕೊಟ್ಟು ಊಟ ಶುರುವಾಗಲಿ. ನಂತರ ಎರಡು ಮೂರು ದಿನ ಏನನ್ನೂ ಕೊಡಬೇಡಿ. ಸಂಜೆ ಟ್ಯಾಂಕ್‌ನ ಲೈಟ್ ಆರಿಸಿ, ಕೋಣೆಯ ಮಂದ ಬೆಳಕಿನಲ್ಲಿ, ಆಗಷ್ಟೇ ಕೊಂದ ಅದೇ ಸೀಗಡಿಯನ್ನು ಅಕ್ರಿಲಿಕ್ ಕಡ್ಡಿಯ ತುದಿಗೆ ಸಿಕ್ಕಿಸಿ ಮೀನಿನ ಮೂತಿಯಿಂದ ಒಂದು ಗೇಣು ದೂರದಲ್ಲಿ ತನ್ನಿ. ಕಡ್ಡಿಯನ್ನು ಮೀನಿನತ್ತ ದೂಡಬೇಡಿ. ಯಾವ ಬೇಟೆಯೂ ತನ್ನನ್ನು ತಿನ್ನುವವನ ಕಡೆಗೆ ನುಗ್ಗುವುದಿಲ್ಲ, ಹಾಗೆ ಬಂದರೆ ಲಯನ್‌ಫಿಶ್ ಹಿಂಜರಿಯುತ್ತದೆ. ತುಂಡು ಮೂತಿಯ ಮುಂದೆ ಅಡ್ಡಡ್ಡ ಚಲಿಸಲಿ, ಆಗಾಗ ಸಣ್ಣದಾಗಿ ನಡುಗಿ ನಿಲ್ಲಲಿ, ಮೀನು ಮುಂದೆ ಬಂದಂತೆ ಹಿಂದಕ್ಕೆ ಜಾರಲಿ. ಪಕ್ಕದ ರೆಕ್ಕೆಗಳು ಅಗಲವಾಗಿ ಬಿಚ್ಚಿಕೊಂಡು, ಕಣ್ಣೆರಡೂ ತುಂಡಿನ ಮೇಲೆ ನೆಟ್ಟವೆಂದರೆ ಆಸಕ್ತಿ ಹುಟ್ಟಿದೆ ಎಂದರ್ಥ. ಆ ಹೊತ್ತಿನಲ್ಲಿ ಕಡ್ಡಿಯನ್ನು ಒಂದು ಕ್ಷಣ ಸ್ಥಿರವಾಗಿ ಹಿಡಿದರೆ ಬಾಯಿ ತೆರೆದು ಎಳೆದುಕೊಳ್ಳುತ್ತದೆ. ಐದು ನಿಮಿಷದಲ್ಲಿ ತಿನ್ನದಿದ್ದರೆ ತುಂಡು ಹೊರಗೆ ತೆಗೆದು, ಮರುದಿನ ಅದೇ ಹೊತ್ತಿಗೆ ಮತ್ತೆ ಪ್ರಯತ್ನಿಸಿ. ತಾಜಾ ತುಂಡು ಒಪ್ಪಿದ ಮೇಲೆ ಫ್ರೀಜರಿನದಕ್ಕೆ ಬದಲಾಯಿಸುವುದು ಸುಲಭ. ಕಡ್ಡಿಯ ತುದಿ ಮೊಂಡಾಗಿರಬೇಕು, ಚೂಪಾಗಿದ್ದರೆ ಬಾಯಿಯೊಳಗೆ ಗಾಯವಾಗುತ್ತದೆ.

ಜೊತೆಗಿರುವ ಮೀನುಗಳೂ ಊಟ ಕೆಡಿಸುತ್ತವೆ. ಟ್ರಿಗರ್, ಪಫರ್, ದೊಡ್ಡ ಏಂಜಲ್‌ಗಳು ಲಯನ್‌ಫಿಶ್‌ನ ತೇಲುವ ರೆಕ್ಕೆಗಳನ್ನು ಕಚ್ಚುತ್ತವೆ, ಆಹಾರವನ್ನೂ ಕಸಿಯುತ್ತವೆ. ರೆಕ್ಕೆಯ ಪೊರೆ ಅರ್ಧಚಂದ್ರಾಕಾರದಲ್ಲಿ ಹರಿದಿದ್ದರೆ ಅದು ಕಚ್ಚಿದ ಗುರುತು. ಅಂಚು ಬೆಳ್ಳಗಾಗಿ ಸವೆಯುತ್ತಿದ್ದರೆ ಬ್ಯಾಕ್ಟೀರಿಯಾದ ಸೋಂಕು. ಬರೀ ಪೊರೆ ಹರಿದದ್ದು ಒಳ್ಳೆಯ ನೀರಿನಲ್ಲಿ ತಾನಾಗಿ ಬೆಳೆಯುತ್ತದೆ.

ಚರ್ಮ, ಕಣ್ಣು, ಚುಕ್ಕೆ

ಲಯನ್‌ಫಿಶ್ ಆಗಾಗ ಮೈಮೇಲಿನ ತೆಳು ಪೊರೆ ಕಳಚುತ್ತದೆ. ಮುಖದ ಮೇಲೆ ಮಸುಕಾದ ಪದರ ಎದ್ದು, ಮೀನು ಮೈ ಕೊಡವಿ, ಆಕಳಿಸಿ, ಪಾರದರ್ಶಕ ಹಾಳೆಯಂತೆ ಅದು ಬೇರಾಗುತ್ತದೆ. ಒಂದೆರಡು ದಿನ ಊಟ ಬೇಡವೆನ್ನುವುದೂ ಇದೆ. ಪೊರೆ ಒಟ್ಟಾಗಿ ಕಳಚಿ, ಕೆಳಗಿನ ಬಣ್ಣ ಗಾಢವಾಗಿ ಕಂಡು, ಉಸಿರು ಸಹಜವಿದ್ದರೆ ಇದು ರೋಗವಲ್ಲ. ಲೋಳೆ ಅಲ್ಲಲ್ಲಿ ತೇಪೆಯಾಗಿ ಕುಳಿತು, ದಿನದಿಂದ ದಿನಕ್ಕೆ ಹರಡಿ, ಉಸಿರೂ ಏರುತ್ತಿದ್ದರೆ ಪರೋಪಜೀವಿ. ವಾರವಾರವೂ ಪೊರೆ ಬಿಡುತ್ತಿದ್ದರೆ ನೀರನ್ನು ಮತ್ತೆ ಅಳೆಯಿರಿ.

ಒಂದೇ ಕಣ್ಣು ಮಸುಕಾಗಿದ್ದರೆ ಏಟು ತಗುಲಿದೆ, ಎರಡೂ ಮಸುಕಾಗಿದ್ದರೆ ನೀರು ಕೆಟ್ಟಿದೆ. ಈ ಲೆಕ್ಕ ತಪ್ಪುವುದು ಕಡಿಮೆ. ಹೊಟ್ಟೆಯ ಅಡಿ ಅಥವಾ ಪಕ್ಕದಲ್ಲಿ ಉದ್ದನೆಯ ಬಿಳಿ ಗಾಯ ಕಂಡರೆ ಹೀಟರ್ ನೋಡಿ. ಅಲುಗದೆ ಒರಗಿ ಕುಳಿತುಕೊಳ್ಳುವ ಈ ಮೀನು ಹೀಟರ್‌ಗೆ ತಾಗಿಕೊಂಡು ಸುಟ್ಟುಕೊಳ್ಳುತ್ತದೆ. ಹೀಟರ್‌ಗೆ ಪ್ಲಾಸ್ಟಿಕ್ ಜಾಲರಿ ಹಾಕಿ, ಅಥವಾ ಸಂಪ್‌ಗೆ (ಟ್ಯಾಂಕ್‌ಗೆ ಜೋಡಿಸಿದ ಬೇರೆ ಫಿಲ್ಟರ್ ತೊಟ್ಟಿ) ಸ್ಥಳಾಂತರಿಸಿ.

ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಬಂದರೆ ಅದು ಮರೈನ್ ಇಕ್ ಎಂಬ ಪರೋಪಜೀವಿ ರೋಗ. ಮೊದಲು ಪಾರದರ್ಶಕ ರೆಕ್ಕೆಗಳ ಮೇಲೆ ಕಾಣುತ್ತದೆ. ಕೆಲವೇ ದಿನಗಳಲ್ಲಿ ಚುಕ್ಕೆ ಮಾಯವಾಗುತ್ತದೆ, ಅದು ಗುಣವಾದದ್ದಲ್ಲ. ಪರೋಪಜೀವಿ ಮೀನಿನಿಂದ ಉದುರಿ ನೆಲದಲ್ಲಿ ಮರಿ ಮಾಡುತ್ತಿದೆ, ಮುಂದಿನ ಸುತ್ತಿನಲ್ಲಿ ಹೆಚ್ಚಾಗಿ ಬರುತ್ತದೆ. ಚುಕ್ಕೆಗಳು ಇನ್ನೂ ಸಣ್ಣದಾಗಿ, ಕಂದುಹಳದಿ ಪುಡಿಯಂತೆ ಕಂಡು, ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂಬ ಇನ್ನೊಂದು ಪರೋಪಜೀವಿ ರೋಗ. ಅದರಲ್ಲಿ ಮಾತ್ರ ಸಮಯವಿಲ್ಲ, ಎರಡು ಮೂರು ದಿನದಲ್ಲಿ ಮೀನು ಹೋಗುತ್ತದೆ. ಆ ದಿನವೇ ಚಿಕಿತ್ಸೆ ಶುರುವಾಗಬೇಕು.

ಚಿಕಿತ್ಸೆ ಪ್ರತ್ಯೇಕ ಟ್ಯಾಂಕ್‌ನಲ್ಲಿ: ಡ್ವಾರ್ಫ್‌ಗೆ 80, ದೊಡ್ಡದಕ್ಕೆ 200 ಲೀಟರ್, ಮರಳು, ಕಲ್ಲು ಇಲ್ಲದ ಬರಿಯ ತಳ, ಬ್ಯಾಕ್ಟೀರಿಯಾ ಕೂತು ಪಳಗಿದ ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪ್ ತುಂಡು. ಎರಡೂ ರೋಗಕ್ಕೆ ಔಷಧಿ ತಾಮ್ರ. ಮುಖ್ಯ ಟ್ಯಾಂಕ್‌ಗೆ ತಾಮ್ರ ಹಾಕಿದರೆ ಸುಣ್ಣದ ಕಲ್ಲುಗಳು ಅದನ್ನು ಹೀರಿಕೊಂಡು ಮಟ್ಟ ನಿಲ್ಲುವುದಿಲ್ಲ, ಸೀಗಡಿ ಶಂಖಗಳೂ ಸಾಯುತ್ತವೆ. ಅಯಾನಿಕ್ (ನೀರಿನಲ್ಲಿ ಬಿಡಿಯಾಗಿ ಕರಗಿರುವ) ತಾಮ್ರವಾದರೆ 0.15ರಿಂದ 0.20 ಪಿಪಿಎಂ. ಇಕ್ ಆಗಿದ್ದರೆ ಮೂರು ನಾಲ್ಕು ದಿನದಲ್ಲಿ ನಿಧಾನವಾಗಿ ಆ ಮಟ್ಟಕ್ಕೆ ಏರಿಸಿ, 30 ದಿನ ಬಿಡದೆ ಕಾಪಾಡಿ. ವೆಲ್ವೆಟ್‌ನಲ್ಲಿ ಅಷ್ಟು ಕಾಯುವಂತಿಲ್ಲ, ಒಂದೆರಡು ದಿನದಲ್ಲೇ ಮಟ್ಟ ಮುಟ್ಟಬೇಕು. ಚೀಲೇಟೆಡ್ (ಬೇರೆ ರಾಸಾಯನಿಕದೊಂದಿಗೆ ಬೆಸೆದ) ತಾಮ್ರದ ಪ್ರಮಾಣ ಬೇರೆ, ಅದರ ಲೇಬಲ್ ನೋಡಿ, ಅದಕ್ಕೆ ಹೊಂದುವ ಟೆಸ್ಟ್ ಕಿಟ್ಟನ್ನೇ ಬಳಸಿ. ದಿನಕ್ಕೆ ಎರಡು ಸಲ ಅಳೆಯಲು ಆಗದವರು ತಾಮ್ರದ ಗೋಜಿಗೆ ಹೋಗದೆ, ಇಕ್‌ಗೆ ಸಾಂದ್ರತೆಯನ್ನು ಎರಡು ದಿನದಲ್ಲಿ 1.009ಕ್ಕೆ ಇಳಿಸಿ ನಾಲ್ಕು ವಾರ ಇಡುವುದೇ ವಾಸಿ. ಆ ನೀರಿನಲ್ಲಿ ಪಿಎಚ್ ಬೇಗ ಇಳಿಯುತ್ತದೆ, ಅಡುಗೆ ಸೋಡಾ ಬೇಕಾಗುತ್ತದೆ. ಮರಳಿ ಏರಿಸುವಾಗ ಒಂದು ವಾರ ತೆಗೆದುಕೊಳ್ಳಿ. ಈ ವಿಧಾನ ವೆಲ್ವೆಟ್‌ಗೆ ಉಪಯೋಗವಿಲ್ಲ. ಅಲ್ಲಿ ಉಳಿದ ಪರೋಪಜೀವಿ ಸಾಯಲು ಮುಖ್ಯ ಟ್ಯಾಂಕ್ ಸುಮಾರು 11 ವಾರ ಮೀನಿಲ್ಲದೆ ಖಾಲಿ ಓಡಬೇಕು.

ಬಾಯಿ ಮುಚ್ಚದಿದ್ದರೆ, ತೇಲುತ್ತಿದ್ದರೆ

ಆಕಳಿಸಿದ ಬಾಯಿ ಹಾಗೇ ತೆರೆದು ನಿಂತಿದ್ದರೆ ದವಡೆ ಸಿಕ್ಕಿಕೊಂಡಿದೆ, ಅಥವಾ ಗಂಟಲಲ್ಲಿ ಏನೋ ಉಳಿದಿದೆ. ಟಾರ್ಚ್ ಬಿಟ್ಟು ಒಳಗೆ ನೋಡಿ. ಸೀಗಡಿಯ ತಲೆಯ ಗರಗಸದಂಥ ಮುಳ್ಳು ಸಿಕ್ಕಿಕೊಂಡಿರುವ ಸಾಧ್ಯತೆ ಇದೆ, ಅದಕ್ಕೇ ಸೀಗಡಿಯನ್ನು ತಲೆ ಮುರಿದು ಕೊಡಬೇಕು. ಕೈಯಿಂದ ದವಡೆ ಮುಚ್ಚಿಸಲು ಹೋಗಬೇಡಿ. ಜಲಜೀವಿಗಳನ್ನು ನೋಡುವ ಪಶುವೈದ್ಯರ ಕೆಲಸ ಅದು.

ಮೇಲ್ಮೈಯಲ್ಲಿ ಬಿದ್ದ ಆಹಾರಕ್ಕೆ ಬಾಯಿ ಹಾಕಿ ಗಾಳಿ ನುಂಗಿದ ಮೀನು ಬಾಲ ಮೇಲಾಗಿ ತೇಲುತ್ತದೆ. ಎರಡು ದಿನ ಊಟ ಕೊಡದೆ, ಹರಿವು ತಗ್ಗಿಸಿ ಕಾಯಿರಿ. ಮುಂದೆ ಆಹಾರವನ್ನು ನೀರಿನ ನಡುವೆಯೇ ಕೊಡಿ.

ಮೀನನ್ನು ಸ್ಥಳಾಂತರಿಸುವುದು, ಮತ್ತು ಸತ್ತ ಮೀನು

ಬಲೆ ಬಳಸಬೇಡಿ. ಮುಳ್ಳುಗಳು ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತವೆ, ಬಿಡಿಸಲು ಹೋದ ಬೆರಳಿಗೆ ಚುಚ್ಚುತ್ತವೆ, ಮೀನಿನ ಪೊರೆಯೂ ಹರಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ, ಮುಚ್ಚಳವಿರುವ ಪಾರದರ್ಶಕ ಡಬ್ಬವನ್ನು ಟ್ಯಾಂಕ್‌ನೊಳಗೆ ಮುಳುಗಿಸಿ, ಅಕ್ರಿಲಿಕ್ ಹಾಳೆಯ ತುಂಡಿನಿಂದ ಮೀನನ್ನು ನಿಧಾನವಾಗಿ ಅದರತ್ತ ನಡೆಸಿ. ಅವಸರ ಮಾಡದಿದ್ದರೆ ತಾನಾಗಿ ಒಳಗೆ ಹೋಗುತ್ತದೆ. ನೀರಿನ ಸಮೇತ ಎತ್ತಿ. ದೂರಕ್ಕೆ ಸಾಗಿಸುವಾಗ ಒಂಟಿ ಪ್ಲಾಸ್ಟಿಕ್ ಚೀಲ ಸಾಲದು, ಮುಳ್ಳು ಅದನ್ನು ತೂತು ಮಾಡುತ್ತದೆ. ಬಕೆಟ್ ಅಥವಾ ಥರ್ಮೋಕೋಲ್ ಪೆಟ್ಟಿಗೆಯೊಳಗಿನ ಗಟ್ಟಿ ಡಬ್ಬವೇ ಸುರಕ್ಷಿತ.

ಸಾಕಲಾಗದಿದ್ದರೆ ಅಂಗಡಿಗೆ ಅಥವಾ ಇನ್ನೊಬ್ಬ ಅನುಭವಿಗೆ ಕೊಡಿ, ಸಮುದ್ರಕ್ಕೆ ಬಿಡಬೇಡಿ. ನೇತ್ರಾಣಿಯಲ್ಲಿ, ಲಕ್ಷದ್ವೀಪದಲ್ಲಿ ಲಯನ್‌ಫಿಶ್ ಮೊದಲೇ ಇದೆಯಲ್ಲ ಎಂಬ ವಾದ ನಿಲ್ಲುವುದಿಲ್ಲ. ನಿಮ್ಮದು ಬೇರೆ ಕಡಲಿನ ಬೇರೆ ಜಾತಿಯಾಗಿರಬಹುದು, ಟ್ಯಾಂಕ್‌ನ ರೋಗವನ್ನೂ ಹೊತ್ತೊಯ್ಯಬಹುದು. ಫ್ಲೋರಿಡಾದ ಡೇನಿಯಾ ಬೀಚ್ ಬಳಿ 1985ರಲ್ಲಿ ಮೊದಲು ಕಂಡ ಲಯನ್‌ಫಿಶ್‌ಗಳು ಇಂದು ಕೆರಿಬಿಯನ್ ಸಮುದ್ರದುದ್ದಕ್ಕೂ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ಬರಿದು ಮಾಡುತ್ತಿವೆ. ಅಕ್ವೇರಿಯಂಗಳಿಂದ ಹೊರಬಿದ್ದ ಮೀನುಗಳೇ ಅದರ ಮೂಲವೆಂದು ವಿಜ್ಞಾನಿಗಳು ತಿಳಿಯುತ್ತಾರೆ.

ಸತ್ತ ಮೀನಿನ ಮುಳ್ಳಿನಲ್ಲೂ ವಿಷವಿರುತ್ತದೆ, ಫ್ರೀಜರ್‌ನಲ್ಲಿಟ್ಟರೂ ಅದು ಹೋಗುತ್ತದೆಂದು ನಂಬುವಂತಿಲ್ಲ. ಇಕ್ಕಳದಿಂದಲೇ ಎತ್ತಿ. ಹೂಳಲು ಜಾಗವಿದ್ದರೆ ಎರಡಡಿ ಆಳದಲ್ಲಿ ಹೂಳಿ. ಇಲ್ಲವಾದರೆ ಮುಳ್ಳು ತೂರದಂಥ ಗಟ್ಟಿ ಡಬ್ಬಕ್ಕೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, "ವಿಷದ ಮುಳ್ಳಿದೆ, ತೆರೆಯಬೇಡಿ" ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕಸ ಒಯ್ಯಲು ಬರುವ ಪೌರಕಾರ್ಮಿಕರಿಗೆ ಬಾಯಿಮಾತಿನಲ್ಲೂ ತಿಳಿಸಿ ಕೊಡಿ.